ಸಿಂಪಿಯೊಳಗಿನ ಸೀಸ

ನವೆಂಬರ್ 10, ಸೋಮವಾರ. ಬೆಳಿಗ್ಗೆ 9.20ಕ್ಕೆ ಹಿರೇಹೊಳಿ ಪೊಲೀಸ್ ಠಾಣೆಗೆ ಬಂದ ದೂರನ್ನು ಓದುತ್ತ ಹೆಡ್ ಕಾನ್‌ಸ್ಟೇಬಲ್ ಯಾಸೀನ ಮುಲ್ಲಾ ಎರಡು ಸಲ ತಲೆಯೆತ್ತಿ ದೂರುದಾರಳ ಮುಖ ನೋಡಿದ. ಕಳುವಾದ ವಸ್ತುಗಳ ಪಟ್ಟಿಯಲ್ಲಿ ಬಂಗಾರವಿರಲಿಲ್ಲ, ಮೊಬೈಲ್ ಇರಲಿಲ್ಲ. ‘ನಲವತ್ತೊಂದು ಹೊಳೆಸಿಂಪಿಯ ಚಿಪ್ಪುಗಳು, ಅವುಗಳ ಮಾಂಸ ತುಂಬಿದ ಪ್ಲಾಸ್ಟಿಕ್ ಚೀಲ ಒಂದು’ ಎಂದಷ್ಟೇ ಇತ್ತು.

“ಸಿಂಪಿ ಅಂದ್ರ ಹೊಳ್ಯಾಗ ಉಸುಕಿನ್ಯಾಗ ಸಿಗತಾವಲ್ಲ, ಅವನ್ರಿ?”

“ಹೌದ್ರಿ.”

“ಅವನ್ನ ಯಾರರ ಕದೀತಾರೇನ್ರಿ ಅಕ್ಕಾರ?”

“ಕದ್ದಾರಲ್ರಿ. ಅದಕ್ಕ ಬಂದೇನಿ.”

ದೂರುದಾರಳ ಹೆಸರು ಫರೀನ ನದಾಫ, ಇಪ್ಪತ್ತೇಳು ವರ್ಷ, ಹುಕ್ಕೇರಿಯವಳು. ಘಟಪ್ರಭಾ ನದಿಯ ಸಿಂಪಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಅದಕ್ಕಾಗಿ ಮಮದಾಪುರ ರಸ್ತೆಯಲ್ಲಿ ಎರಡು ಕೋಣೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ಒಂದೂವರೆ ವರ್ಷವಾಗಿತ್ತು. ಶನಿವಾರ ಮಧ್ಯಾಹ್ನ ತಾಯಿಯ ಮನೆಗೆ ಹೋಗಿ ಸೋಮವಾರ ಬೆಳಿಗ್ಗೆ ಮರಳಿ ಬಂದಾಗ ಸಿಂಪಿಯ ಡಬ್ಬಿ ಇರಲಿಲ್ಲ.

ಇನ್ಸ್‌ಪೆಕ್ಟರ್ ಶಿದ್ಲಿಂಗಪ್ಪ ಹೊಸಟ್ಟಿ ಅವಳನ್ನು ತನ್ನ ಕೋಣೆಗೆ ಕರೆಸಿದ. ಠಾಣೆಗೆ ಬಂದು ಮೂರು ವರ್ಷ ದಾಟಿದ ಅಧಿಕಾರಿ. ಕಡಿಮೆ ಮಾತಿನವನು, ಕಾಗದಪತ್ರದಲ್ಲಿ ಅಚ್ಚುಕಟ್ಟು ಎಂದು ಹೆಸರಿದ್ದವನು.

“ಸಿಂಪಿ ಮತ್ತ ತರಬಹುದಲ್ಲ?”

“ತರಬಹುದ್ರಿ. ಖರೆ ಇವು ಐದಾರು ವರ್ಷದ ಹಳೇ ಸಿಂಪಿ. ಇವು ಸಿಕ್ಕ ಜಾಗಾದಾಗ ಇಷ್ಟ ವಯಸ್ಸಿನವು ಈಗ ಉಳದಿಲ್ಲ. ಇದೇ ಇಪ್ಪತ್ನಾಲ್ಕಕ್ಕ ಹೊರರಾಜ್ಯದ ಪ್ರಯೋಗಾಲಯದಾಗ ಇವನ್ನ ಪರೀಕ್ಷಾ ಮಾಡೂ ಮಶೀನಿನ ಸರದಿ ಸಿಕ್ಕಿತ್ರಿ. ಎಂಟ ತಿಂಗಳ ಕಾದೇನಿ. ಅದಕ್ಕೂ ಮೊದಲ, ಹದಿನೇಳಕ್ಕ ಗ್ರಾಮಸಭೆ ಐತಿ. ಹೊಳಿ ನೀರಿನ ವಿಷಯ ಅಲ್ಲಿ ಹೇಳಾಕ ಪಂಚಾಯ್ತಿಯವ್ರು ಕರದಾರು.”

“ಯಾರ ಮ್ಯಾಲರ ಸಂಶಯ?”

ಫರೀನ ದನಿ ತಗ್ಗಿಸಿದಳು. “ಕರಿಹಳ್ಳದ ದಂಡಿ ಮ್ಯಾಲೆ ಹಳೇ ಬ್ಯಾಟರಿ ಕರಗಿಸೂ ಭಟ್ಟಿ ಐತಲ್ರಿ, ನಾಗನೂರ ಭೀಮೇಶಂದು. ನನ್ನ ಕೆಲಸದಿಂದ ತೊಂದರಿ ಆಗೂದು ಅವಂಗ.”

ಭೀಮೇಶನ ಹೆಸರು ಕೇಳಿದಾಗ ಶಿದ್ಲಿಂಗಪ್ಪ ಪೆನ್ನು ಕೆಳಗಿಟ್ಟು ನೀರು ಕುಡಿದ. ಆಮೇಲೆ ಬರೆದುಕೊಂಡ. ಅಪರಾಧ ಸಂಖ್ಯೆ 118/2025, ಬಿಎನ್‌ಎಸ್ ಕಲಂ 305, ವಾಸದ ಮನೆಯಲ್ಲಿ ಕಳವು, ಎಂದು ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆ 11.15ಕ್ಕೆ ಶುರುವಾಯಿತು. ಮನೆಯ ಮಾಲೀಕ ಅಲ್ಲಾಬಕ್ಷ ಮತ್ತು ಎದುರಿನ ಕಿರಾಣಿ ಅಂಗಡಿಯ ಮಾಲಿಂಗಪ್ಪ ಪಂಚರು. ಬಾಗಿಲು ಮುರಿದಿರಲಿಲ್ಲ. ಬೀಗ ಹಾಕಿದ್ದು ಹಾಗೇ ಇತ್ತು. ಕೀಲಿಕೈ ಎಂದಿನಂತೆ ಬಾಗಿಲ ಪಕ್ಕದ ಗೋಡೆಯ ಮಾಡದಲ್ಲಿ, ಮಣ್ಣಿನ ಪಣತಿಯ ಕೆಳಗೆ ಸಿಕ್ಕಿತು.

“ಕೀಲಿ ಇಲ್ಲಿರ್ತೈತಿ ಅಂತ ಯಾರ್ಯಾರಿಗೆ ಗೊತ್ತು?”

“ನಮಗ ಗೊತ್ರಿ ಸಾಹೇಬ್ರ,” ಅಂದ ಅಲ್ಲಾಬಕ್ಷ. ಎಪ್ಪತ್ತರ ಹತ್ತಿರದ ಮನುಷ್ಯ, ಮೊದಲು ಗೋಕಾಕದಲ್ಲಿ ದರ್ಜಿಯಾಗಿದ್ದವನು. “ನಾನು, ನನ್ನ ಮನಿಯಾಕಿ. ಮತ್ತ ಸಿಂಪಿ ತಂದ ಕೊಡೂ ಮುದಕವ್ವ. ಅಕ್ಕಾರ ಇಲ್ಲದಾಗ ಬಂದ್ರ ಆಕಿನ ಒಳಗ ಇಟ್ಟ ಹೋಗ್ತಾಳ್ರಿ. ನಿನ್ನೆ ನಾವು ಮುಂಜಾನೆ ಹನ್ನೊಂದಕ್ಕ ನಿಕಾಹ್‌ಗೆ ಹೋದವ್ರು ಸಂಜಿ ಐದಕ್ಕ ಬಂದ್ವಿ.”

ಒಳಗಿನ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇತ್ತು, ಚಿಪ್ಪನ್ನು ತೆಳ್ಳಗೆ ಕೊಯ್ಯುವ ಸಣ್ಣ ಗರಗಸದ ಯಂತ್ರವಿತ್ತು. ಅವನ್ನು ಯಾರೂ ಮುಟ್ಟಿರಲಿಲ್ಲ. ಫ್ರೀಜರ್ ಚಾಲೂ ಇತ್ತು, ಮುಚ್ಚಳ ಸರಿಯಾಗಿ ಮುಚ್ಚಿತ್ತು. ಶನಿವಾರ ಹೊರಡುವ ಮೊದಲು ಫರೀನ ಅದನ್ನು ಒರೆಸಿಟ್ಟಿದ್ದಳು. ಹಲಗೆಯ ಮೇಲೆ ಒಂದೇ ಬಗೆಯ ಎರಡು ನೀಲಿ ಡಬ್ಬಿಗಳಿದ್ದವಂತೆ. ಒಂದು ಉಳಿದಿತ್ತು, ಇನ್ನೊಂದು ಹೋಗಿತ್ತು.

“ಉಳದಿದ್ದು ಯಾವುದು?”

“ಮ್ಯಾಲಿನ ದಡ್ಡಿ ಊರ ಕಡೆ ತಗದದ್ದು. ಹೊಳಿ ಅಲ್ಲಿ ಇನ್ನೂ ಸ್ವಚ್ಛ ಐತಿ. ಹೋದದ್ದು ಕರಿಹಳ್ಳ ಬಂದ ಹೊಳಿಗೆ ಕೂಡೂ ಜಾಗಾದ್ದು.”

“ಡಬ್ಬಿ ಮ್ಯಾಲೆ ಊರ ಹೆಸರ ಬರದಿತ್ತೇನು?”

“ಇಲ್ರಿ. ಬರೇ ನಂಬರ್. ಯಾವ ನಂಬರ್ ಎಲ್ಲಿದು ಅನ್ನೂ ಪಟ್ಟಿ ನನ್ನ ಲ್ಯಾಪ್‌ಟಾಪಿನ್ಯಾಗ ಐತಿ. ಅದನ್ನ ನಾನು ಹುಕ್ಕೇರಿಗೆ ಒಯ್ದಿದ್ನಿ. ಮಾಂಸದ ಚೀಲಾನೂ ಹಂಗ, ಎರಡಿದ್ವು, ಡಬ್ಬಿ ಮ್ಯಾಲಿನ ನಂಬರ ಅವಕ್ಕೂ ಹಾಕಿದ್ನಿ. ಕರಿಹಳ್ಳದ್ದು ಅಷ್ಟ ಹೋಗೈತಿ.”

ಶಿದ್ಲಿಂಗಪ್ಪ ಉಳಿದ ಡಬ್ಬಿಯ ಮುಚ್ಚಳ ತೆಗೆದು ಒಂದು ಚಿಪ್ಪನ್ನು ಬೆಳಕಿಗೆ ಹಿಡಿದ. ಅಂಗೈಯಷ್ಟು ದೊಡ್ಡದು, ಹೊರಗೆ ಹಸಿರುಗಂದು, ಒಳಗೆ ಬೆಳ್ಳಿಯ ಹೊಳಪು.

“ಕರಿಹಳ್ಳದವು ನೋಡಾಕ ಬ್ಯಾರೆ ಇರತಾವೇನು?”

“ಸ್ವಲ್ಪ ಕಪ್ಪ ಇರತಾವ್ರಿ, ಅಂಚಿನ್ಯಾಗ ಒರಟ. ಖರೆ ನಮ್ಮಂಥವ್ರಿಗೆ ಬಾಜೂ ಬಾಜೂ ಇಟ್ಟ ನೋಡಿದ್ರ ಅಷ್ಟ ತಿಳೀತೈತಿ.”

ಅವನು ಅದನ್ನು ಪಂಚನಾಮೆಯಲ್ಲಿ ಬರೆಸಿದ. ಕದ್ದವರಿಗೆ ಯಾವ ಡಬ್ಬಿ ಎಂದು ಯಾರೂ ಹೇಳಿಕೊಟ್ಟಿಲ್ಲ, ಚಿಪ್ಪು ನೋಡಿಯೇ ಆರಿಸಿದ್ದಾರೆ. ಮಧ್ಯಾಹ್ನ ಬೆಳಗಾವಿಯ ಬೆರಳಚ್ಚು ಘಟಕದವರು ಬಂದು ಫ್ರೀಜರಿನ ಮುಚ್ಚಳದ ಮೇಲಿಂದ ಎಡಗೈ ಹೆಬ್ಬೆರಳಿನ ಒಂದು ಗುರುತು ಎತ್ತಿಕೊಂಡರು. “ಗೆರಿ ಭಾಳ ಸವದಾವ್ರಿ,” ಎಂದ ಬಂದಿದ್ದ ತಜ್ಞ. “ಅಡ್ಡಡ್ಡ ಕೊಯ್ದ ಗಾಯದ ಕಲಿ ಅದಾವ. ವರ್ಷಾನುಗಟ್ಟಲೆ ಚಾಕು ಹಿಡದ ಕೆಲಸ ಮಾಡಿದ ಕೈ ಇದ್ದಂಗೈತಿ.”

ಹೊರಡುವ ಮೊದಲು ಶಿದ್ಲಿಂಗಪ್ಪ ಫರೀನಳಿಗೆ ಕೇಳಿದ. “ಒಂದ ಸಿಂಪಿ ನೋಡಿ ಭಟ್ಟಿದ ತಪ್ಪ ಹೆಂಗ ಹೇಳತೀರಿ?”

ಅವಳು ಲ್ಯಾಪ್‌ಟಾಪ್ ತೆರೆದಳು. “ಮೊದಲ ಕಾರವಾರದಾಗ ಕಡಲ ಸಿಂಪಿ ಮ್ಯಾಲೆ ಈ ಕೆಲಸ ಕಲತೇನ್ರಿ. ಕಡಲ ಇರಲಿ ಹೊಳಿ ಇರಲಿ, ಸಿಂಪಿ ಮಾಡೂದು ಒಂದ. ನೀರ ಒಳಗ ಎಳಕೊಂತೈತಿ, ಸೋಸಿ ತಿಂತೈತಿ, ನೀರ ಹೊರಗ ಬಿಡತೈತಿ. ನೀರಿನ್ಯಾಗ ಸೀಸ ಇದ್ರ ಅದು ಹೊರಗ ಹೋಗೂದಿಲ್ಲ. ಮಾಂಸದಾಗ ಕುಂಡರತೈತಿ, ಚಿಪ್ಪಿನ್ಯಾಗ ಕುಂಡರತೈತಿ. ಚಿಪ್ಪು ವರ್ಷಕ್ಕೊಂದ ಗೆರಿ ಬೆಳೀತೈತಿ. ಅದನ್ನ ಕೊಯ್ದು ಕ್ಷಕಿರಣ ಬಿಟ್ರ, ಎಲ್ಲೆಲ್ಲಿ ಸೀಸ ಐತಿ ಅಲ್ಲಲ್ಲಿ ಬೆಳಗತೈತಿ. ಆ ಬೆಳಕಿನ ಫೋಟೋ ಇದು. ಪರೀಕ್ಷಾಕ್ಕ ಅಂತ ಎರಡ ಚಿಪ್ಪಷ್ಟ ಮೊದಲ ಕಳಿಸಿದ್ನಿ.”

ಪರದೆಯ ಮೇಲೆ ಎರಡು ಚಿತ್ರಗಳಿದ್ದವು. ಮೊದಲನೆಯದು ದಡ್ಡಿಯ ಚಿಪ್ಪು. ಉದ್ದಕ್ಕೂ ಕಡುನೀಲಿ. ಎರಡನೆಯದರಲ್ಲಿ ನೀಲಿ ಅರ್ಧಕ್ಕೇ ನಿಂತು, ಅಲ್ಲಿಂದ ಅಂಚಿನವರೆಗೆ ಹಳದಿ, ಕೆಂಪು. ಒಲೆಯ ಬಾಯಿಯ ಹಾಗೆ ಉರಿಯುತ್ತಿತ್ತು.

“ಈ ಹಳದಿ ಶುರು ಆಗೂ ಗೆರಿ ಯಾವ ವರ್ಷದ್ದು?”

“2023ರ ಮಳಿಗಾಲದ್ದು. ಅಲ್ಲಿಂದ ಇವತ್ತಿನ ತನಕ ಕಡಿಮಿ ಆಗಿಲ್ರಿ. ಅವತ್ತ ಯಾರರ ನೋಡಿ ಬಂದ್ ಮಾಡಿದ್ರ ಇಷ್ಟ ಆಗ್ತಿರಲಿಲ್ಲ.”

ಶಿದ್ಲಿಂಗಪ್ಪ ಟೋಪಿ ಹಾಕಿಕೊಂಡು ಹೊರಗೆ ಬಂದ.

ಮಂಗಳವಾರ 10.40ಕ್ಕೆ ಭೀಮೇಶನ ವಿಚಾರಣೆ ಅವನ ಭಟ್ಟಿಯಲ್ಲೇ ನಡೆಯಿತು. ತಗಡಿನ ಶೆಡ್ಡು, ಹಿಂದೆ ಒಡೆದ ಬ್ಯಾಟರಿಗಳ ಕಪ್ಪು ಗುಡ್ಡೆ, ಅದರ ಬುಡದಿಂದ ಹಳ್ಳಕ್ಕೆ ಇಳಿದ ಒಂದು ಕಾಲುವೆ. ಗಾಳಿಯಲ್ಲಿ ಗಂಟಲು ಕೆರೆಯುವ ಹುಳಿ ವಾಸನೆ.

“ಭಾನುವಾರ ಎಲ್ಲಿದ್ದಿ?”

“ಮೂಡಲಗ್ಯಾಗ ಅಕ್ಕನ ಮಗನ ಮದುವಿ ಇತ್ರಿ. ಶನಿವಾರದಿಂದ ಅಲ್ಲೇ ಇದ್ನಿ. ಮಂಗಲ ಕಾರ್ಯಾಲಯದಾಗ ಕ್ಯಾಮೆರಾ ಅದಾವ, ನೋಡ್ಕೋರಿ.”

“ಕೆಲಸದವ್ರು?”

“ಎಲ್ಲಾರ್ನೂ ಕರ್ಕೊಂಡ ಹೋಗಿದ್ನಿ. ಭಟ್ಟಿ ಎರಡ ದಿನ ಬಂದ್ ಇತ್ತು.” ಭೀಮೇಶ ನಕ್ಕ. “ಸಿಂಪಿ ಕದ್ದ ನಾ ಏನ ಮಾಡ್ಲಿ ಸಾಹೇಬ್ರ? ಆ ಹುಡುಗಿ ಏನರ ಅನ್ನಲಿ. ನಂದ ತಪ್ಪಿದ್ರ ನೀವ ಅವತ್ತ ಬರೀತಿದ್ರಿ. ಏನೂ ಇಲ್ಲಂತ ಬರದಿರಲ್ಲ, ಆ ಕಾಗದದ ಜೆರಾಕ್ಸ್ ನನ್ನ ಕಡೆ ಐತಿ.”

ಯಾಸೀನ ಅಲ್ಲೇ ನಿಂತಿದ್ದ. ಅವನು ಈ ಠಾಣೆಗೆ ಬಂದದ್ದು ಹೋದ ವರ್ಷ. ಅವನ ಕಣ್ಣು ಒಮ್ಮೆ ಸಾಹೇಬರ ಕಡೆ ಹೋಗಿ ಬೇಗನೆ ನೆಲಕ್ಕಿಳಿಯಿತು. ಶಿದ್ಲಿಂಗಪ್ಪ ಹೇಳಿಕೆಗೆ ಸಹಿ ಹಾಕಿಸಿಕೊಂಡು ಜೀಪು ಹತ್ತಿದ. ಮೂಡಲಗಿಯ ಕಾರ್ಯಾಲಯದ ದೃಶ್ಯಗಳನ್ನು ಯಾಸೀನ ಅದೇ ಮಧ್ಯಾಹ್ನ ನೋಡಿ ಬಂದ. ಭೀಮೇಶ ಹೇಳಿದ್ದು ಖರೆ ಇತ್ತು. ಅವನ ಏಳು ಜನ ಕೆಲಸಗಾರರೂ ಊಟದ ಪಂಕ್ತಿಯಲ್ಲಿದ್ದರು.

ಸಂಜೆ ಶಿದ್ಲಿಂಗಪ್ಪ ತಾನೇ ದಾಖಲೆ ಕೋಣೆಗೆ ಹೋಗಿ 2023ರ ಅರ್ಜಿಗಳ ಕಟ್ಟು ಬಿಚ್ಚಿದ. ಜುಲೈ 21ರ ತಾರೀಖಿನ ಅರ್ಜಿ ಹುಡುಕಲು ಹೊತ್ತು ಹಿಡಿಯಲಿಲ್ಲ. ಯಾರೋ ಬರೆದುಕೊಟ್ಟ ಗುಂಡಗಿನ ಅಕ್ಷರ. ‘ಕರಿಹಳ್ಳದ ನೀರು ಹೊಳಿ ಕೂಡುವಲ್ಲಿ ಮೀನು ಸತ್ತು ತೇಲುತ್ತವೆ. ಸಿಂಪಿ ಬಾಯಿ ಬಿಟ್ಟು ಬಿದ್ದಿವೆ. ಭಟ್ಟಿಯ ನೀರು ನೋಡಬೇಕು.’ ಕೆಳಗೆ ಅವನದೇ ಷರಾ: ‘ಸ್ಥಳ ಪರಿಶೀಲಿಸಲಾಗಿ ಆಕ್ಷೇಪಾರ್ಹವಾದದ್ದು ಏನೂ ಕಂಡುಬಂದಿರುವುದಿಲ್ಲ. ಅರ್ಜಿ ಮುಕ್ತಾಯ.’

ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಬೆಳಿಗ್ಗೆಯಿಂದ ಮಳೆ. ರಸ್ತೆಯಿಂದ ಹಳ್ಳಕ್ಕೆ ಇಳಿಯುವ ಹಾದಿ ಮೊಣಕಾಲುದ್ದ ಕೆಸರು. ಕಾಲಲ್ಲಿ ಹೊಸ ಬೂಟು. ಯಾರೂ ಅವನಿಗೆ ಏನೂ ಕೊಟ್ಟಿರಲಿಲ್ಲ, ಯಾರೂ ಫೋನು ಮಾಡಿರಲಿಲ್ಲ. ಜೀಪಿನಿಂದ ಕೆಳಗಿಳಿಯಲು ಬೇಸರವಾಗಿತ್ತು, ಅಷ್ಟೇ. ಹಿಂದೆ ಕೂತಿದ್ದ ಪೇದೆಗೆ, “ನೋಡೇವಿ ಅಂತ ಹೇಳಿ ಬಾ,” ಎಂದು ಕಳಿಸಿ, ಜೀಪಿನಲ್ಲೇ ಷರಾ ಬರೆದಿದ್ದ.

ಅರ್ಜಿದಾರರ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತಿತ್ತು. ಪಕ್ಕದಲ್ಲಿ ಹೆಸರು: ಮುದಕವ್ವ ಅಂಬಿ, ಕರಿಹಳ್ಳದ ವಸ್ತಿ.

ಅವನು ಕಾಗದವನ್ನು ದೀಪದ ಕೆಳಗೆ ಹಿಡಿದ. ನೀಲಿ ಮಸಿಯ ಗುರುತಿನಲ್ಲಿ ಗೆರೆಗಳು ಸವೆದಿದ್ದವು. ಅಡ್ಡಡ್ಡ ಮೂರು ಬಿಳಿ ಗೀರು.

ಬಾಗಿಲಲ್ಲಿ ಯಾಸೀನ ನಿಂತಿದ್ದ. “ಸಿಕ್ತೇನ್ರಿ?”

“ಸಿಂಪಿ ತರೂ ಮುದಕವ್ವನ ಬಗ್ಗೆ ಏನ ಗೊತ್ತು?”

“ಹೊಳ್ಯಾಗ ಮುಳುಗಿ ಸಿಂಪಿ ತಗದು, ಸೀಳಿ ಮಾಂಸ ಸಂತ್ಯಾಗ ಮಾರತಾಳ್ರಿ. ಅರವತ್ತ ದಾಟೇತಿ. ಮಗ ಲಾರಿ ಮ್ಯಾಲೆ ಇರ್ತಾನು. ಮನ್ಯಾಗ ಆಕಿ, ಸೊಸಿ, ಒಂದ ಕೂಸು. ಭಟ್ಟಿ ಅಂದ್ರ ಆಕಿಗೆ ಆಗಿ ಬರೂದಿಲ್ಲಂತ. ಆಕಿ ಯಾಕ ಕದೀತಾಳ್ರಿ? ಅಕ್ಕಾರ ಕೆಲಸದಿಂದ ಆಕಿಗೆ ಚೊಲೋನ ಆಗೂದು.”

ಅದು ಶಿದ್ಲಿಂಗಪ್ಪನಿಗೂ ತಿಳಿಯಲಿಲ್ಲ. ಆದರೆ ಕೀಲಿಕೈಯ ಜಾಗ ಬಲ್ಲವಳು, ಚಿಪ್ಪನ್ನು ನೋಡಿ ಊರು ಹೇಳಬಲ್ಲವಳು ಅವಳೊಬ್ಬಳೇ. ಯಾಸೀನ ಅರ್ಜಿಯನ್ನು ಓದಿದ. ಷರಾ ಬಂದಾಗ ಅವನ ಓದು ನಿಂತಿತು. ಕೊನೆಗೆ ಮೆಲ್ಲಗೆ ಹೇಳಿದ.

“ಸಾಹೇಬ್ರ, ಈ ಹೆಬ್ಬೆಟ್ಟು ಕಳಿಸಬೇಕಂತ ಏನಿಲ್ರಿ. ಆಕಿನ್ನ ಕರಸಿ ಹೊಸದು ತಗೋಬಹುದು. ಈ ಕಾಗದ ಕೇಸಿನ್ಯಾಗ ಬರೂದ ಬ್ಯಾಡ.”

ಶಿದ್ಲಿಂಗಪ್ಪ ಅರ್ಜಿಯನ್ನು ಮಡಿಸಿ ತನ್ನ ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದ.

ಬುಧವಾರ ಪೂರ್ತಿ ಅದು ಅಲ್ಲೇ ಇತ್ತು. ಅವತ್ತು ಅವನು ಬೇರೆ ಎರಡು ಪ್ರಕರಣಗಳ ಕಾಗದ ನೋಡಿದ, ಬಂದವರ ಜೊತೆ ಮಾತಾಡಿದ. ಯಾಸೀನ ಚಹಾ ತಂದಿಟ್ಟು ಹೋಗುವಾಗ ಖಾನೆಯ ಕಡೆ ನೋಡದಿರಲು ಪಡುತ್ತಿದ್ದ ಪ್ರಯತ್ನ ಅವನಿಗೆ ಕಾಣಿಸುತ್ತಿತ್ತು. ತನಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ ತನ್ನ ಮಾನ ಕಾಯಲು ಹೀಗೆ ಕಷ್ಟಪಡುವುದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಗುರುವಾರ ಬೆಳಿಗ್ಗೆ 9 ಗಂಟೆಗೆ ಖಾನೆ ತೆಗೆದು, ಅರ್ಜಿಯನ್ನು ಲಕೋಟೆಯಲ್ಲಿ ಹಾಕಿ, ಮೊಹರು ಮಾಡಿ, ಯಾಸೀನನ ಕೈಯಲ್ಲೇ ಬೆಳಗಾವಿಗೆ ಕಳಿಸಿದ.

ಶುಕ್ರವಾರ 1.10ಕ್ಕೆ ವರದಿ ಬಂತು. ಫ್ರೀಜರ್ ಮೇಲಿನ ಗುರುತೂ ಅರ್ಜಿಯ ಮೇಲಿನ ಹೆಬ್ಬೆಟ್ಟೂ ಒಂದೇ.

ವಸ್ತಿ ಮುಟ್ಟಿದಾಗ ಮಧ್ಯಾಹ್ನ 3.30. ಹೊಳೆಯ ದಂಡೆಯಲ್ಲಿ ಹನ್ನೊಂದು ಮನೆ. ಜೊತೆಗೆ ಯಾಸೀನ ಮತ್ತು ಮಹಿಳಾ ಕಾನ್‌ಸ್ಟೇಬಲ್ ಜಹೀರಾ. ಮುದಕವ್ವ ಕಟ್ಟೆಯ ಮೇಲೆ ಕೂತು ಬಲೆ ಬಿಡಿಸುತ್ತಿದ್ದಳು. ಒಣಗಿದ ಮೈ, ಬಿಗಿದು ಉಟ್ಟ ಸೀರೆ, ನೀರಿನಲ್ಲಿ ಬದುಕಿದವರ ಕೆಂಪು ಕಣ್ಣು. ಖಾಕಿ ಕಂಡು ಅವಳು ಗಾಬರಿಯಾಗಲಿಲ್ಲ. ಬಲೆ ಬದಿಗಿಟ್ಟಳು.

“ಬರ್ರಿ.”

“ಯವ್ವಾ, ಭಾನುವಾರ ಮಧ್ಯಾಹ್ನ ಎಲ್ಲಿದ್ದಿ?”

“ಅಕ್ಕಾರ ಮನ್ಯಾಗ ಇದ್ನಿರಿ.”

“ಯಾಕ ಹೋಗಿದ್ದಿ?”

“ಸಿಂಪಿ ತರಾಕ.”

“ಅವು ನಿನ್ನವಲ್ಲ.”

“ನಾನ ಹೊಳ್ಯಾಗಿಂದ ತಗದದ್ರಿ. ಖರೆ ಆಕಿಗೆ ಕೊಟ್ಟ ಮ್ಯಾಲೆ ನನ್ನವಲ್ಲ. ಕದ್ದದ್ದ ಖರೆ.”

ಜಹೀರಾ ಮೊಬೈಲಿನಲ್ಲಿ ಚಿತ್ರೀಕರಣ ನಡೆಸಿದ್ದಳು. ಶಿದ್ಲಿಂಗಪ್ಪ ಮುಂದಿನ ಪ್ರಶ್ನೆ ಕೇಳಿದ.

“ಭೀಮೇಶ ಹೇಳಿ ಮಾಡಿಸಿದ್ನೇನು?”

“ಥೂ. ಆ ಭಾಡ್ಯಾನ ಮಾತ ನಾ ಕೇಳತೇನೇನ್ರಿ?”

“ಮತ್ತ ಯಾಕ ಒಯ್ದಿ?”

ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಎಡಗೈ ಹೆಬ್ಬೆರಳಿನ ಮೇಲೆ ಹಳೆಯ ಗಾಯಗಳ ಬಿಳಿ ಗೀರುಗಳಿದ್ದವು.

“ದೀಪಾವಳಿ ಮುಂದ ಅಕ್ಕಾರ ನನಗ ಆ ಫೋಟೋ ತೋರಿಸಿದ್ರು. ‘ಆಯಿ, ಇದು ನೋಡು, ಬೆಂಕಿ ಹಂಗ ಕಾಣತೈತಲ್ಲ, ಅದು ಸೀಸ. ಇನ್ನ ಮ್ಯಾಲೆ ಸಿಂಪಿ ತಿನಬ್ಯಾಡ್ರಿ, ಬಸರ ಹೆಣಮಕ್ಕಳಿಗೆ, ಕೂಸುಗಳಿಗೆ ಭಾಳ ಕೆಟ್ಟ, ತಲಿಗೆ ಹತ್ತತೈತಿ’ ಅಂದ್ರು. ನಾ ಏನೂ ಅನ್ನಲಿಲ್ಲ. ‘ಗ್ರಾಮಸಭಾದಾಗ ದೊಡ್ಡ ಪರದಿ ಮ್ಯಾಲೆ ಹಾಕತೇನಿ, ಈ ಸಿಂಪಿ ತಗದಾಕಿ ನಮ್ಮ ಮುದಕವ್ವ ಆಯಿ ಅಂತ ನಿನ್ನ ಹೆಸರ ಹೇಳತೇನಿ’ ಅಂದ್ರು. ನನಗ ಖುಷಿ ಆಗಲಿ ಅಂತ ಅಂದ್ರು, ಪಾಪ.”

“ಆಮ್ಯಾಲೆ?”

“ನನ್ನ ಸೊಸಿಗೆ ಬಸರಿದ್ದಾಗ ಮೈಯಾಗ ರಕ್ತ ಇರಲಿಲ್ರಿ. ಡಾಕ್ಟರ ಅಂದಿದ್ರು, ಚಂದಂಗ ಉಣಸ್ರಿ ಅಂತ. ನಮ್ಮ ಮನಿ ಪದ್ಧತಿ, ಬಸರಿದ್ದಾಗ ಸಿಂಪಿ ಸಾರ ಕುಡಸೂದು. ಆಕಿ ಮೂಡಲಗಿ ಕಡೇದಾಕಿ, ಒಲ್ಲೆ ಅಂತಿದ್ಳು, ವಾಸನಿ ಬರತೈತಿ ಅಂತ ಅಳತಿದ್ಳು. ಮುಂದ ಕುಂತು ಗಂಗಾಳ ಖಾಲಿ ಆಗೂ ತನ ಬಿಡತಿರಲಿಲ್ಲ ನಾ. ಐದ ತಿಂಗಳ, ದಿನಾ. ಕೂಸು ಹುಟ್ಟಿದ ಮ್ಯಾಲೆ ಅದಕ್ಕೂ ಸಾರಿನ ತಿಳಿ ನೆಕ್ಕಿಸಿದೆ. ಗಟ್ಟಿ ಆಗಲಿ ಅಂತ. ಈಗ ಅದಕ್ಕ ಇಪ್ಪತ್ತೊಂದ ತಿಂಗಳ. ಇನ್ನೂ ನಿಂದ್ರೂದಿಲ್ಲ. ಕರದ್ರ ಹೊಳ್ಳಿ ನೋಡೂದಿಲ್ಲ. ಹೊಟ್ಟಿ ಹಿಡಕೊಂಡ ಅಳತೈತಿ. ಸೊಸಿ ದೇವರಿಗೆ ಹರಕಿ ಹೊರತಾಳ. ಏನ ಪಾಪ ಮಾಡಿದ್ನೋ ಅಂತ ತನಗ ತಾನ ಬೈಕೊಂತಾಳ. ಆ ಸಭಾದಾಗ ಆಕಿ ಮುಂದ ಕುಂತಿರ್ತಾಳ್ರಿ. ಆ ಪರದಿ ನೋಡಿ, ನನ್ನ ಹೆಸರ ಕೇಳಿ, ಹೊಳ್ಳಿ ನನ್ನ ಮಾರಿ ನೋಡಿದ್ರ ನಾ ಎಲ್ಲಿ ಇಟ್ಕೊಳ್ಳಿ ಈ ಮಾರಿ?”

ಯಾಸೀನ ಬರೆಯುವುದನ್ನು ನಿಲ್ಲಿಸಿದ್ದ.

“ಸಿಂಪಿ ಇರದಿದ್ರ ಫೋಟೋ ಹ್ಯಾಂಗ ತೋರಸ್ತಾರ ಅಂದ್ಕೊಂಡೆ,” ಅಂದಳು ಮುದಕವ್ವ. “ನನಗೇನ ತಿಳೀತೈತ್ರಿ ಅದೆಲ್ಲ?”

ಶಿದ್ಲಿಂಗಪ್ಪ ಕೇಳಬಾರದಿತ್ತು. ಅಪರಾಧ ಒಪ್ಪಿಯಾಗಿತ್ತು, ಉದ್ದೇಶ ತಿಳಿದಿತ್ತು. ಆದರೂ ಕೇಳಿದ. “ನೀರ ಕೆಟ್ಟೇತಿ ಅಂತ ನೀನ ಅರ್ಜಿ ಕೊಟ್ಟಿದ್ದಿ. ಗೊತ್ತಿದ್ದೂ ಮತ್ತ ಯಾಕ ಸಿಂಪಿ ತಗದಿ?”

ಮುದಕವ್ವ ತಲೆಯೆತ್ತಿದಳು. ಅವಳ ದನಿಯಲ್ಲಿ ದೂರುವ ಧಾಟಿ ಇರಲಿಲ್ಲ.

“ಪೇದೆ ಬಂದ ಹೇಳಿದ್ರಲ್ರಿ, ‘ಸಾಹೇಬ್ರ ಖುದ್ದ ನೋಡ್ಯಾರ, ನೀರಿನ್ಯಾಗ ಏನೂ ಇಲ್ಲ’ ಅಂತ. ಸರಕಾರದವ್ರು ನೋಡಿ ಹೇಳಿದ ಮ್ಯಾಲೆ ನಂದ ತಪ್ಪ ತಿಳುವಳಿಕಿ ಅಂದ್ಕೊಂಡೆ. ಮರುದಿನಾನ ಮತ್ತ ನೀರಿಗಿಳದೆ. ಆಗಸ್ಟದಾಗ ಸೊಸಿ ಬಸರಾಗಿದ್ದು ತಿಳೀತು.”

ಒಳಗಿನಿಂದ ಏನೋ ಪಾತ್ರೆ ಉರುಳಿದ ಸದ್ದಾಯಿತು. ಎಲ್ಲರೂ ತಿರುಗಿದರು. ಬಾಗಿಲಲ್ಲಿ ಸೊಸೆ ಕಾಜಲ್ ನಿಂತಿದ್ದಳು, ಸೊಂಟದ ಮೇಲೆ ಕೂಸು. ಕೂಸಿನ ಕುತ್ತಿಗೆ ತಾಯಿಯ ಹೆಗಲಿಗೆ ವಾಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರಿಗೂ ಗೊತ್ತಿಲ್ಲ.

ಶಿದ್ಲಿಂಗಪ್ಪನಿಗೆ ಆಗ ಹೊಳೆಯಿತು. ಮುದುಕಿ ಯಾವುದನ್ನು ಸೊಸೆಯಿಂದ ಮುಚ್ಚಿಡಲು ಕಳ್ಳತನ ಮಾಡಿದ್ದಳೋ ಅದನ್ನು ತಾನು ಅವಳದೇ ಕಟ್ಟೆಯ ಮೇಲೆ, ಸೊಸೆ ಕೇಳುವಂತೆ, ಅವಳ ಬಾಯಿಂದಲೇ ಹೇಳಿಸಿದ್ದ. ಠಾಣೆಗೆ ಕರೆದೊಯ್ದು ಕೇಳಬಹುದಿತ್ತು. ಒಂದು ಸಲ ಬಾಗಿಲ ಕಡೆ ನೋಡಿದ್ದರೂ ಸಾಕಿತ್ತು.

ಮುದಕವ್ವ ಸೊಸೆಯ ಮುಖ ನೋಡಲಿಲ್ಲ. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, “ಬರ್ರಿ, ತೋರಸ್ತೇನಿ,” ಎಂದು ಎದ್ದು ಹಿತ್ತಲಿಗೆ ನಡೆದಳು.

ಕೋಳಿಗೂಡಿನ ಕೆಳಗಿನ ಗೋಣಿಚೀಲದಲ್ಲಿ ನಲವತ್ತೊಂದು ಚಿಪ್ಪುಗಳೂ ಇದ್ದವು. ಒಂದೂ ಒಡೆದಿರಲಿಲ್ಲ. ಚಿಪ್ಪಿನ ಮೇಲೆ ಫರೀನ ಬರೆದ ನಂಬರುಗಳೂ ಅಳಿಸಿರಲಿಲ್ಲ. “ಒಗೀಬೇಕಂತ ಹೊಳಿಗೆ ಎರಡ ಸಲ ಹೋಗಿದ್ನಿರಿ,” ಅಂದಳು ಮುದಕವ್ವ. “ಆ ಹುಡುಗಿ ರಾತ್ರಿ ಹಗಲ ಕುಂತು ತೊಳದ ತೊಳದ ಇಟ್ಟಿದ್ದು. ಕೈ ಬರಲಿಲ್ಲ.” ಮಾಂಸದ ಚೀಲವನ್ನು ಮಾತ್ರ ಉಸುಕಿನಲ್ಲಿ ಹುಗಿದಿದ್ದಳು. ಅದು ಕೊಳೆತುಹೋಗಿತ್ತು. ಜಪ್ತಿ ಪಂಚನಾಮೆ 4.40ಕ್ಕೆ ಮುಗಿಯಿತು. ಕೆಳಗೆ ಅವಳ ಹೆಬ್ಬೆಟ್ಟು ಹಾಕಿಸಲು ಯಾಸೀನ ಮಸಿಯ ಪ್ಯಾಡ್ ಹಿಡಿದ.

ಬಂಧನದ ಮಾಹಿತಿಯನ್ನು ಮನೆಯವರಿಗೆ ಕೊಡಬೇಕು. ಕಾಗದ ಹಿಡಿದು ಶಿದ್ಲಿಂಗಪ್ಪ ಕಾಜಲಳ ಮುಂದೆ ನಿಂತ. ಅವಳು ಓದಿ ಸಹಿ ಹಾಕಿದಳು. ಆಮೇಲೆ ಅವನನ್ನು ನೋಡಿ ಒಂದೇ ಮಾತು ಕೇಳಿದಳು.

“ಅವತ್ತ ನೀವ ಹಳ್ಳಕ್ಕ ಇಳದ ನೋಡಿದ್ರೇನ್ರಿ?”

“ಇಲ್ಲವ್ವಾ,” ಅಂದ ಅವನು.

ಸೂರ್ಯ ಮುಳುಗುವ ಮೊದಲೇ, 5.05ಕ್ಕೆ, ಜಹೀರಾ ಮುದಕವ್ವನನ್ನು ಕೈಹಿಡಿದು ಜೀಪು ಹತ್ತಿಸಿದಳು.

ಠಾಣೆಯಲ್ಲಿ ಹೇಳಿಕೆಯನ್ನು ಅವಳಿಗೆ ಓದಿ ಹೇಳಲಾಯಿತು. ಪೇದೆ ಬಂದು ಹೇಳಿದ ಮಾತಿನ ಸಾಲು ಬಂದಾಗ ಅವಳು ಕೈ ಎತ್ತಿದಳು.

“ಅದನ್ನ ತಗೀರಿ ಸಾಹೇಬ್ರ.”

“ಯಾಕವ್ವಾ? ನೀನ ಹೇಳಿದ್ದು.”

“ನಿಮಗ ತೊಂದರಿ ಆಗತೈತಿ. ಮತ್ತ... ನೀವ ಅಂದ್ರಿ ಅಂತ ಉಣಸಿದೆ ಅಂದಂಗ ಆಗತೈತಿ. ಉಣಸಿದಾಕಿ ನಾನ. ಒಲ್ಲೆ ಅಂದ್ರೂ ಉಣಸಿದೆ.”

ಯಾಸೀನ ಸಾಹೇಬರ ಮುಖ ನೋಡಿದ. ಶಿದ್ಲಿಂಗಪ್ಪ, “ಸಾಲು ಹಂಗ ಇರ್ಲಿ,” ಎಂದ. ಮುದುಕಿಗೆ ಜಹೀರಾ ಊಟ ತಂದಿಟ್ಟಳು. ಅವಳು ಮುಟ್ಟಲಿಲ್ಲ.

ಶನಿವಾರ 11.30ಕ್ಕೆ ಗೋಕಾಕದ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಫರೀನ ಬಂದಿದ್ದಳು. ಚಿಪ್ಪುಗಳು ಸಿಕ್ಕ ಸುದ್ದಿ ಕೇಳಿಯೂ ಅವಳ ಮುಖ ಬಾಡಿತ್ತು.

“ಆಕಿ ಮನ್ಯಾಗ ಕೂಸು ಐತ್ಯಾ, ಯಾರ ತಿಂತಾರ, ಒಂದ ಮಾತ ಕೇಳಲಿಲ್ರಿ ನಾನು,” ಎಂದು ಶಿದ್ಲಿಂಗಪ್ಪನಿಗೆ ಹೇಳಿದಳು. “ಒಂದೂವರೆ ವರ್ಷ ಆಯಿ ಆಯಿ ಅಂತ ಆಕಿ ತಂದ ಕೊಟ್ಟದ್ದ ತಗೊಂಡೆ. ಸಿಂಪಿ ಮೈಯಾಗ ಎಷ್ಟ ಸೀಸ ಐತಿ ಅಂತ ನೋಡಿದೆ. ಆಕಿ ಮೈಯಾಗ ಎಷ್ಟೈತಿ ಅಂತ ನೋಡಲಿಲ್ಲ.”

ದೂರು ಹಿಂತೆಗೆಯಬಹುದೇ ಎಂದೂ ಕೇಳಿದಳು. ಅದು ಈಗ ನ್ಯಾಯಾಲಯದ ಕೈಯಲ್ಲಿದೆ ಎಂದು ಅವನು ತಿಳಿಸಿದ. ಜಾಮೀನಿಗೆ ಸರ್ಕಾರಿ ವಕೀಲರು ಆಕ್ಷೇಪಿಸಲಿಲ್ಲ. ವಯಸ್ಸು ಪರಿಗಣಿಸಿ ನ್ಯಾಯಾಧೀಶರು ಅಂದೇ ಜಾಮೀನು ಕೊಟ್ಟರು. ಅಲ್ಲಾಬಕ್ಷ ಜಾಮೀನುದಾರನಾಗಿ ಸಹಿ ಹಾಕಿದ.

ಕಾಜಲ್ ಹೊರಗಿನ ಬೇವಿನ ಗಿಡದ ಕೆಳಗೆ ಕೂಸಿನೊಂದಿಗೆ ನಿಂತಿದ್ದಳು. ಮುದಕವ್ವ ಮೆಟ್ಟಿಲಿಳಿದು ಅವಳನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಕೊನೆಗೆ ಸೊಸೆಯೇ ಹತ್ತಿರ ಬಂದಳು. ಅವಳ ಕಣ್ಣುಗಳು ಊದಿಕೊಂಡಿದ್ದವು, ದನಿ ಗಡಸಾಗಿತ್ತು.

“ಅಕ್ಕಾರ ಬೆಳಗಾವಿ ದವಾಖಾನ್ಯಾಗ ಮಾತಾಡ್ಯಾರಂತ. ಮಂಗಳವಾರ ಕೂಸಿನ ರಕ್ತ ನೋಡ್ತಾರಂತ, ನಂದೂ ನೋಡ್ತಾರಂತ. ನೀವೂ ಬರ್ರಿ ಅತ್ತಿ. ನನಗ ಬಡಿಸಿ ಗಡಿಗ್ಯಾಗ ಉಳದದ್ದು ದಿನಾ ನೀವ ತಿಂತಿದ್ರಿ.”

ಮುದಕವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಜಲ್ ಅವಳನ್ನು ಮುಟ್ಟಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಬಸ್ಸಿನ ಹೊತ್ತಾಗುವವರೆಗೆ ಪಕ್ಕದಲ್ಲೇ ನಿಂತಿದ್ದಳು.

ಸೋಮವಾರ ಗ್ರಾಮಸಭೆ ನಡೆಯಿತು. ಫರೀನ ಚಿತ್ರಗಳನ್ನು ತೋರಿಸಿದಳು, ಯಾರ ಹೆಸರನ್ನೂ ಹೇಳಲಿಲ್ಲ. ಮರುದಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಬಂದು ಭಟ್ಟಿಗೆ ಬೀಗ ಹಾಕಿದರು. ಭೀಮೇಶನ ಮೇಲೆ ಬೇರೆ ಪ್ರಕರಣ ದಾಖಲಾಯಿತು. ಅದರ ತನಿಖೆಯನ್ನು ಬೇರೊಬ್ಬ ಅಧಿಕಾರಿಗೆ ವಹಿಸಬೇಕೆಂದು ಶಿದ್ಲಿಂಗಪ್ಪ ತಾನೇ ಡಿವೈಎಸ್‌ಪಿಯವರಿಗೆ ಬರೆದುಕೊಟ್ಟ. “ಹಳೇ ಅರ್ಜಿ, ಬಿಡ್ರಿ, ಎಲ್ಲಾರೂ ಮಾಡ್ತಾರು,” ಎಂದರು ಅವರು ಫೋನಿನಲ್ಲಿ. “ಇಲಾಖಾ ವಿಚಾರಣೆ ಮೈಮ್ಯಾಲೆ ಎಳ್ಕೊಂತೀರಿ.” ಅವನು, “ಹೌದ್ರಿ ಸರ್,” ಎಂದಷ್ಟೇ ಹೇಳಿದ.

ನವೆಂಬರ್ 19ರ ಮಧ್ಯಾಹ್ನ ಅವನು ಅಪರಾಧ ಸಂಖ್ಯೆ 118/2025ರ ದೋಷಾರೋಪಣ ಪಟ್ಟಿ ಬರೆಯಲು ಕೂತ. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಎಷ್ಟೋ ಪ್ರಕರಣಗಳಲ್ಲಿ ಅವನು ಅಲ್ಲಿ ದುರಾಸೆ, ದ್ವೇಷ, ಕುಡಿತದ ಚಟ ಎಂದು ಯೋಚಿಸದೆ ಬರೆದಿದ್ದ. ಈ ಸಲ ನಿಧಾನವಾಗಿ ಬರೆದ:

‘ಆರೋಪಿತಳು ತಾನು ತಿಳಿಯದೆ ಉಣಿಸಿದ್ದು ವಿಷವೆಂದು ಗೊತ್ತಾದ ಮೇಲೆ, ಅದು ಸೊಸೆಗೆ ತಿಳಿಯಬಾರದೆಂಬ ನಾಚಿಕೆಯಿಂದ ಈ ಕೃತ್ಯ ಎಸಗಿರುತ್ತಾಳೆ. ಸದರಿ ನೀರಿನ ಕುರಿತು ಅವಳೇ 21-07-2023ರಂದು ಈ ಠಾಣೆಗೆ ಅರ್ಜಿ ಸಲ್ಲಿಸಿದ್ದಳು. ಸ್ಥಳಕ್ಕೆ ಇಳಿಯದೆ, ನೋಡಿದ್ದೇನೆಂದು ಬರೆದು, ಆ ಅರ್ಜಿಯನ್ನು ಮುಕ್ತಾಯ ಮಾಡಿದವನು ಈ ಕೆಳಗೆ ಸಹಿ ಮಾಡಿರುವ ತನಿಖಾಧಿಕಾರಿ.’

ಒಮ್ಮೆ ಓದಿ, ಕೆಳಗೆ ಸಹಿ ಮಾಡಿದ.